ಏಳು ದಿನದ ವಾಯಿದೆ, ನೂರು ದಿನದ ಬೆಳೆ

ಟಾರ್ಪಾಲು, ಸಿಂಪರಣಾ ಯಂತ್ರ, ತರಕಾರಿ ಬೀಜ, ಕೀಟನಾಶಕ, ಹಣ್ಣಿನ ಸಸಿ ಇವೆಲ್ಲವನ್ನೂ ಮನೆಯ ಜಗಲಿಯಲ್ಲಿ ಕುಳಿತೇ ಮೊಬೈಲಿನ ಮೂಲಕ ತರಿಸಿಕೊಳ್ಳುವ ರೈತರು ಈಗ ಎಲ್ಲ ಕಡೆಯೂ ಕಂಡುಬರುತ್ತಾರೆ. ಪೇಟೆಗೆ ಹೋಗಿ ಬರುವ ಒಂದು ದಿನದ ಕೆಲಸ ಉಳಿಯುತ್ತದೆ, ಬಸ್ಸಿನ ಖರ್ಚು ಉಳಿಯುತ್ತದೆ, ಹತ್ತು ಅಂಗಡಿಗಳ ದರವನ್ನು ಒಂದೇ ಕಡೆ ಹೋಲಿಸಿ ನೋಡಬಹುದು. ಇದು ರೈತನಿಗೆ ಹಿತವೇ ಅಹಿತವೇ ಎಂಬ ಚರ್ಚೆ ನಮ್ಮ ತರಬೇತಿ ಶಿಬಿರಗಳಲ್ಲಿ ಮೇಲಿಂದ ಮೇಲೆ ನಡೆಯುತ್ತಿರುತ್ತದೆ. ಕಾಲ ಬದಲಾಗಿದೆ, ಇನ್ನು ಮುಂದೆ ಎಲ್ಲವೂ ಹೀಗೆಯೇ ಎನ್ನುವವರು ಒಂದು ಕಡೆ. ಇದೆಲ್ಲ ಮೋಸ, ರೈತರು ಇದರ ಹತ್ತಿರವೇ ಸುಳಿಯಬಾರದು ಎನ್ನುವವರು ಇನ್ನೊಂದು ಕಡೆ.

ಈ ಎರಡು ವಾದಗಳೂ ನನಗೆ ಒಪ್ಪಿಗೆಯಿಲ್ಲ. ಮೊಬೈಲಿನಲ್ಲಿ ಯಾವುದನ್ನು ಕೊಳ್ಳಬಹುದು, ಯಾವುದನ್ನು ಕೊಳ್ಳಬಾರದು ಎಂಬುದನ್ನು ನಿರ್ಧರಿಸಲು ಒಂದು ಪ್ರಶ್ನೆ ಕೇಳಿಕೊಂಡರೆ ಸಾಕು ಎಂಬುದು ನನ್ನ ಅಭಿಪ್ರಾಯ. ಕೊಂಡ ಸರಕಿನಲ್ಲಿ ದೋಷವಿದ್ದರೆ ಅದು ಎಷ್ಟು ದಿನಕ್ಕೆ ಕಣ್ಣಿಗೆ ಬೀಳುತ್ತದೆ? ಅಂತರ್ಜಾಲದ ಮಳಿಗೆಗಳು ಸರಕನ್ನು ಹಿಂದಿರುಗಿಸಲು ಸಾಮಾನ್ಯವಾಗಿ ಏಳು ದಿನವೋ ಹತ್ತು ದಿನವೋ ವಾಯಿದೆ ಕೊಡುತ್ತವೆ. ಆ ವಾಯಿದೆಯೊಳಗೆ ದೋಷ ಹೊರಬೀಳುವ ವಸ್ತುವನ್ನು ದೂರದವರಿಂದ ಕೊಂಡರೆ ಹೆಚ್ಚಿನ ಅಪಾಯವಿಲ್ಲ. ದೋಷ ಹೊರಬೀಳಲು ತಿಂಗಳುಗಳೇ ಬೇಕಾದ ವಸ್ತುವನ್ನು, ಕೈಗೆ ಸಿಗುವ, ಹೆಸರು ಮತ್ತು ಅಂಗಡಿ ತಿಳಿದಿರುವ ಮನುಷ್ಯನಿಂದಲೇ ಕೊಳ್ಳಬೇಕು.

ಮೊದಲು ಟಾರ್ಪಾಲಿನ ವಿಷಯವನ್ನೇ ನೋಡೋಣ. ಚಿತ್ರದಲ್ಲಿ ಎಲ್ಲ ಟಾರ್ಪಾಲುಗಳೂ ಒಂದೇ ತೆರನಾಗಿ ನೀಲಿಯಾಗಿಯೋ ಹಳದಿಯಾಗಿಯೋ ಹೊಳೆಯುತ್ತಿರುತ್ತವೆ. ದಪ್ಪ ಎಷ್ಟೆಂಬುದು ಚಿತ್ರದಿಂದ ತಿಳಿಯದು. ಚದರ ಮೀಟರಿಗೆ ಇಷ್ಟು ಗ್ರಾಂ ಎಂದು ಬರೆದಿರುವುದೇ ಅದರ ನಿಜವಾದ ಅಳತೆ. 18 ಅಡಿ ಅಗಲ, 24 ಅಡಿ ಉದ್ದದ ಟಾರ್ಪಾಲು ಸುಮಾರು 40 ಚದರ ಮೀಟರಾಗುತ್ತದೆ. ಚದರ ಮೀಟರಿಗೆ 200 ಗ್ರಾಂ ಎಂದು ಹೇಳಿ ಮಾರಿದ್ದರೆ ಅದರ ತೂಕ 8 ಕಿ.ಗ್ರಾಂ ಬರಬೇಕು. ತಕ್ಕಡಿಗೆ ಹಾಕಿದಾಗ 5 ಕಿ.ಗ್ರಾಂ ಬಂದರೆ ಕೊಟ್ಟಿರುವುದು 125 ಗ್ರಾಮಿನದು ಎಂದಾಯಿತು. ಅದೇ ದಿನ ಹಿಂದಕ್ಕೆ ಕಳುಹಿಸಬಹುದು. ಬ್ಯಾಟರಿ ಚಾಲಿತ ಸಿಂಪರಣಾ ಯಂತ್ರವೂ ಹಾಗೆಯೇ. ಬಂದ ದಿನವೇ ಬರೀ ನೀರು ತುಂಬಿ ಒಂದು ಟ್ಯಾಂಕು ಪೂರ್ತಿ ಸಿಂಪಡಿಸಿ ನೋಡಿದರೆ ಒತ್ತಡ ಸರಿಯಾಗಿದೆಯೇ, ಎಲ್ಲಿಯಾದರೂ ಸೋರುತ್ತದೆಯೇ ಎಂಬುದು ತಿಳಿಯುತ್ತದೆ. ನಮ್ಮಲ್ಲಿ ಹಲವರು ಯಂತ್ರ ತರಿಸಿ, ಪೆಟ್ಟಿಗೆ ಬಿಚ್ಚದೆ ಅಟ್ಟದ ಮೇಲಿಟ್ಟು, ಹುಳು ಬಿದ್ದ ದಿನ ಕೆಳಗಿಳಿಸುತ್ತಾರೆ. ಅಷ್ಟರಲ್ಲಿ ವಾಯಿದೆ ಮುಗಿದಿರುತ್ತದೆ. ಸಿಂಪರಣಾ ಮೂತಿ, ವಾಷರು, ಕೊಳವೆಯಂತಹ ಬಿಡಿಭಾಗಗಳು ತಾಲ್ಲೂಕು ಕೇಂದ್ರದಲ್ಲಿ ಸಿಗುವ ಯಂತ್ರವನ್ನೇ ಆರಿಸಿಕೊಳ್ಳುವುದು ಮೇಲು ಎಂಬುದನ್ನೂ ಇಲ್ಲಿ ಸೇರಿಸಬಹುದು. ಕುಡುಗೋಲು, ಸವರುವ ಕತ್ತರಿ, ತಲೆಗೆ ಕಟ್ಟುವ ದೀಪ, ಕೈಗವಸು ಇವುಗಳ ಬಗ್ಗೆ ಹೇಳುವುದೇನೂ ಇಲ್ಲ. ದರ ನೋಡಿ ಕೊಳ್ಳಬಹುದು.

ಬೀಜದ ಮಾತು ಬೇರೆ

ಬೀಜಕ್ಕೆ ಬಂದಾಗ ಲೆಕ್ಕ ಪೂರ್ತಿ ಬದಲಾಗುತ್ತದೆ. ಬೀಜದಲ್ಲಿ ಎರಡು ಬಗೆಯ ದೋಷಗಳಿರಬಹುದು. ಒಂದು, ಮೊಳಕೆ ಬಾರದಿರುವುದು. ಇನ್ನೊಂದು, ಮೊಳಕೆ ಚೆನ್ನಾಗಿ ಬಂದರೂ ತಳಿ ಬೇರೆಯಾಗಿರುವುದು. ಮೊದಲನೆಯದನ್ನು ಮನೆಯಲ್ಲಿಯೇ ಪರೀಕ್ಷಿಸಬಹುದು. ನೂರು ಬೀಜಗಳನ್ನು ಎಣಿಸಿ, ಒದ್ದೆ ಗೋಣಿ ಬಟ್ಟೆಯಲ್ಲಿ ಸಾಲಾಗಿಟ್ಟು ಸುತ್ತಿ, ತೇವ ಆರದಂತೆ ನೋಡಿಕೊಂಡರೆ ರಾಗಿಯಲ್ಲಿ ಎಂಟನೆಯ ದಿನಕ್ಕೆ, ಮುಸುಕಿನ ಜೋಳದಲ್ಲಿ ಏಳನೆಯ ದಿನಕ್ಕೆ, ಭತ್ತದಲ್ಲಿ ಹದಿನಾಲ್ಕು ದಿನಗಳೊಳಗೆ ಪೂರ್ತಿ ಲೆಕ್ಕ ಸಿಗುತ್ತದೆ. ಪ್ರಮಾಣಿತ ಬೀಜದಲ್ಲಿ ರಾಗಿಗೆ ಕನಿಷ್ಠ ಶೇಕಡ 75, ಭತ್ತಕ್ಕೆ ಶೇಕಡ 80, ನೆಲಗಡಲೆಗೆ ಶೇಕಡ 70 ಮೊಳಕೆ ಇರಲೇಬೇಕೆಂಬ ನಿಯಮವಿದೆ. ಆದರೆ ಒಂದು ತೊಡಕನ್ನು ಗಮನಿಸಿ. ಪರೀಕ್ಷೆ ಮಾಡಬೇಕಾದರೆ ಪೊಟ್ಟಣ ಒಡೆಯಬೇಕು. ಒಡೆದ ಬೀಜದ ಪೊಟ್ಟಣವನ್ನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ ಎಂಬ ಷರತ್ತನ್ನು ಅಂತರ್ಜಾಲದ ಮಾರಾಟಗಾರರಲ್ಲಿ ಹಲವರು ಸಣ್ಣ ಅಕ್ಷರದಲ್ಲಿ ಹಾಕಿರುತ್ತಾರೆ. ಒಡೆಯದಿದ್ದರೆ ದೋಷ ತಿಳಿಯದು, ಒಡೆದರೆ ಹಣ ಬಾರದು.

ಎರಡನೆಯ ದೋಷವಂತೂ ಹೊಲದಲ್ಲಿಯೇ ತಿಳಿಯಬೇಕು. ಬ್ಯಾಡಗಿ ಕಡ್ಡಿ ಎಂದು ಕೊಂಡ ಮೆಣಸಿನಕಾಯಿ ಬೀಜ ನಿಜಕ್ಕೂ ಕಡ್ಡಿಯೇ ಎಂಬುದು ಸಸಿ ಮಡಿಯಲ್ಲಾಗಲಿ, ನಾಟಿ ಮಾಡಿದ ತಿಂಗಳಿಗಾಗಲಿ ಗೊತ್ತಾಗುವುದಿಲ್ಲ. ಕಾಯಿ ಹಣ್ಣಾಗಿ, ಒಣಗಿ, ಸುಕ್ಕು ಮೂಡಿದ ಮೇಲೆಯೇ ಗೊತ್ತು. ಅಷ್ಟು ಹೊತ್ತಿಗೆ ಗೊಬ್ಬರ, ಕಳೆ, ನೀರು, ಕೂಲಿ ಎಲ್ಲವೂ ನೆಲಕ್ಕೆ ಬಿದ್ದಿರುತ್ತವೆ. ಬೀಜದ ಬೆಲೆ ಅದರ ಮುಂದೆ ಏನೇನೂ ಅಲ್ಲ. ಹಣ್ಣಿನ ಗಿಡಗಳಲ್ಲಿ ಈ ಅವಧಿ ಇನ್ನೂ ದೀರ್ಘ. ಕಸಿ ಮಾವು ಫಲಕ್ಕೆ ಬರಲು ಮೂರು ನಾಲ್ಕು ವರ್ಷ, ತೆಂಗು ಹೊಂಬಾಳೆ ಬಿಡಲು ಐದಾರು ವರ್ಷ ಬೇಕು. ಪೆಟ್ಟಿಗೆಯಲ್ಲಿ ನಾಲ್ಕೈದು ದಿನ ಪ್ರಯಾಣ ಮಾಡಿ, ಬೇರಿನ ಮಣ್ಣು ಉದುರಿ, ಬಾಡಿ ಬಂದ ಸಸಿಯನ್ನು ನೆರಳಿನಲ್ಲಿಟ್ಟು ಬದುಕಿಸಿಕೊಂಡರೂ, ಅದು ಯಾವ ತಾಯಿ ಮರದ್ದು ಎಂದು ಕೇಳಲು ಐದು ವರ್ಷದ ಬಳಿಕ ಆ ಮಾರಾಟಗಾರ ಎಲ್ಲಿರುತ್ತಾನೆ? ತೆಂಗು, ಅಡಿಕೆ, ಮಾವು, ಸಪೋಟ ಸಸಿಗಳನ್ನು ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾನಿಲಯಗಳ ನರ್ಸರಿಗಳಲ್ಲಿ, ತೋಟಗಾರಿಕೆ ಇಲಾಖೆಯ ಕ್ಷೇತ್ರಗಳಲ್ಲಿ, ಇಲ್ಲವೇ ತಾಯಿ ಮರಗಳನ್ನು ಕಣ್ಣಾರೆ ನೋಡಬಹುದಾದ ಖಾಸಗಿ ನರ್ಸರಿಗಳಲ್ಲಿ ಕೊಳ್ಳಬೇಕೆಂದು ನಾವು ಹೇಳುವುದು ಇದೇ ಕಾರಣಕ್ಕೆ.

ಚಿತ್ರಗಳನ್ನು ನೋಡಿ ಮರುಳಾಗುವುದೂ ಉಂಟು. ಆಕಾಶ ನೀಲಿ ಬಣ್ಣದ ಗುಲಾಬಿಯ ಬೀಜ, ಒಂದೇ ಗಿಡದಲ್ಲಿ ಏಳು ಬಣ್ಣದ ಹೂವು, ನೀಲಿ ಸ್ಟ್ರಾಬೆರಿ ಇಂತಹವನ್ನು ಐವತ್ತು ನೂರು ರೂಪಾಯಿಗೆ ಮಾರುತ್ತಾರೆ. ಗುಲಾಬಿಯನ್ನು ತಳಿ ಕೆಡದಂತೆ ವೃದ್ಧಿಸುವುದು ಕಣ್ಣು ಹಾಕಿ ಅಥವಾ ಕಡ್ಡಿ ನೆಟ್ಟು. ಬೀಜದಿಂದ ಹುಟ್ಟಿದ ಗಿಡ ತಾಯಿಯಂತೆ ಹೂ ಬಿಡುವುದಿಲ್ಲ. ಇದು ತಿಳಿದಿದ್ದರೆ ಚಿತ್ರ ಎಷ್ಟು ಸುಂದರವಾಗಿದ್ದರೂ ಕೈ ಮುಂದಕ್ಕೆ ಹೋಗುವುದಿಲ್ಲ. ಹೋಗಲಿ, ನೂರು ರೂಪಾಯಿ ಹೋದರೆ ಹೋಯಿತು ಎನ್ನಬಹುದು. ಆದರೆ ಗೊತ್ತಿಲ್ಲದ ಕಡೆಯಿಂದ ಬರುವ ಬೀಜದಲ್ಲಿ ಹಣಕ್ಕಿಂತ ದೊಡ್ಡ ಅಪಾಯವೊಂದಿದೆ. 2020ರಲ್ಲಿ ಅಮೆರಿಕ, ಕೆನಡಾ, ಇಂಗ್ಲೆಂಡ್ ಮೊದಲಾದ ದೇಶಗಳ ಜನರಿಗೆ ತಾವು ಕೇಳದೇ ಇದ್ದ ಬೀಜದ ಪೊಟ್ಟಣಗಳು ಹೊರದೇಶದಿಂದ ಅಂಚೆಯಲ್ಲಿ ಬಂದವು. ಆ ವರ್ಷದ ಆಗಸ್ಟಿನಲ್ಲಿ ನಮ್ಮ ಕೇಂದ್ರ ಕೃಷಿ ಮಂತ್ರಾಲಯವೂ ರಾಜ್ಯಗಳಿಗೆ, ಕೃಷಿ ವಿಶ್ವವಿದ್ಯಾನಿಲಯಗಳಿಗೆ ಎಚ್ಚರಿಕೆ ನೀಡಿತು. ಬೀಜದ ಜೊತೆಗೆ ಕಳೆ, ರೋಗಾಣು, ಕೀಟ ಬರಬಹುದೆಂಬ ಭಯವೇ ಇದಕ್ಕೆ ಕಾರಣ. ಹೊಸ ಕೀಟವೊಂದು ಒಳಗೆ ಬಂದರೆ ಏನಾಗುತ್ತದೆಂದು ಕರ್ನಾಟಕದ ಮುಸುಕಿನ ಜೋಳದ ಬೆಳೆಗಾರರಿಗೆ ವಿವರಿಸಿ ಹೇಳಬೇಕಾಗಿಲ್ಲ. ಫಾಲ್ ಸೈನಿಕ ಹುಳು ಭಾರತದಲ್ಲಿ ಮೊದಲು ಕಂಡುಬಂದದ್ದು 2018ರಲ್ಲಿ, ನಮ್ಮ ಶಿವಮೊಗ್ಗದಲ್ಲಿ. ಅದು ಬಂದ ದಾರಿ ಬೇರೆ ಇರಬಹುದು. ಆದರೆ ಒಮ್ಮೆ ಬಂದದ್ದು ಹಿಂದಕ್ಕೆ ಹೋಗಿಲ್ಲ.

ಊರಿನ ಅಂಗಡಿಯೇ ಮೇಲು ಎಂದ ಮಾತ್ರಕ್ಕೆ ಅಂಗಡಿಯವರೆಲ್ಲ ಸತ್ಯವಂತರೆಂದು ಹೇಳಿದಂತಾಗಲಿಲ್ಲ. ರೈತರು ಮೊಬೈಲಿನತ್ತ ತಿರುಗಿದ್ದಕ್ಕೆ ಕಾರಣಗಳಿವೆ. ಉದ್ದರಿ ಕೊಟ್ಟ ಅಂಗಡಿಯವನು ತಾನು ಕೊಟ್ಟದ್ದನ್ನೇ ಕೊಳ್ಳಬೇಕೆನ್ನುತ್ತಾನೆ. ರಸೀದಿ ಕೇಳಿದರೆ ಹಳೆಯ ಬಾಕಿಯ ಮಾತೆತ್ತುತ್ತಾನೆ. ಬೇಡದ ಡಬ್ಬಿಯೊಂದನ್ನು ಬೇಕಾದ ಗೊಬ್ಬರದ ಜೊತೆ ಗಂಟು ಹಾಕುತ್ತಾನೆ. ಇದು ತಪ್ಪು, 1983ರ ಬೀಜ ನಿಯಂತ್ರಣ ಆದೇಶದಂತೆ ಬೀಜ ಮಾರುವ ಪ್ರತಿಯೊಬ್ಬನೂ ನಗದಾಗಲಿ ಉದ್ದರಿಯಾಗಲಿ ರಸೀದಿ ಕೊಡಲೇಬೇಕು, ದಾಸ್ತಾನು ಮತ್ತು ದರದ ಫಲಕ ಹಾಕಲೇಬೇಕು. ಆದರೂ ಈ ಅಂಗಡಿಯವನಿಗೆ ಒಂದು ನಿರ್ಬಂಧವಿದೆ: ಮುಂದಿನ ಹಂಗಾಮಿನಲ್ಲಿಯೂ ಅವನು ಅದೇ ಊರಿನಲ್ಲಿ ಬಾಗಿಲು ತೆರೆಯಬೇಕು. ಅದಕ್ಕಿಂತ ಮುಖ್ಯವಾದ ಇನ್ನೊಂದು ಸಂಗತಿಯಿದೆ. ಬೀಜ ಸರಿಯಿಲ್ಲವೆಂದು ದೂರು ಬಂದಾಗ ಬೀಜ ಪರಿವೀಕ್ಷಕರು ಅದೇ ಅಂಗಡಿಗೆ ಹೋಗಿ, ಅದೇ ತಂಡದ ಉಳಿದ ಚೀಲಗಳಿಂದ ಮಾದರಿ ತೆಗೆದು ಪ್ರಯೋಗಾಲಯಕ್ಕೆ ಕಳುಹಿಸಬಹುದು. ನೂರಾರು ಮೈಲಿ ದೂರದ ಯಾವುದೋ ಗೋದಾಮಿನಿಂದ ಬಂದ ಒಂದೇ ಒಂದು ಪೊಟ್ಟಣ ಬಿತ್ತಿ ಮುಗಿದಿದ್ದರೆ ಮಾದರಿ ತೆಗೆಯುವುದೆಲ್ಲಿಂದ?

ಕೀಟನಾಶಕಗಳ ವಿಷಯದಲ್ಲಿ ಕಾನೂನು ಈಗ ಬಾಗಿಲು ತೆರೆದಿದೆ. 2022ರ ನವೆಂಬರಿನಲ್ಲಿ ಕೇಂದ್ರ ಸರ್ಕಾರ ಕೀಟನಾಶಕ ನಿಯಮಗಳಿಗೆ ತಿದ್ದುಪಡಿ ತಂದು, ಪರವಾನಗಿಯುಳ್ಳ ಮಾರಾಟಗಾರರು ಅಂತರ್ಜಾಲದ ಮಳಿಗೆಗಳ ಮೂಲಕ ಮಾರಿ ಮನೆಗೆ ತಲುಪಿಸಬಹುದೆಂದು ಅನುಮತಿಸಿತು. ಮಾರುವವರ ಪರವಾನಗಿ ಸರಿಯಾಗಿದೆಯೇ ಎಂದು ನೋಡುವ ಹೊಣೆಯನ್ನು ಮಳಿಗೆಗಳಿಗೆ ವಹಿಸಿತು. ಹೀಗಾಗಿ ಇದು ಕಾನೂನಿಗೆ ವಿರುದ್ಧವಲ್ಲ. ಆದರೆ ವಾಟ್ಸಾಪ್ ಗುಂಪಿನಲ್ಲಿ ದರ ಹಾಕಿ, ಮುಂಗಡ ಹಣ ಪಡೆದು, ಬಸ್ಸಿನಲ್ಲಿ ಡಬ್ಬಿ ಕಳುಹಿಸುವ ವ್ಯಾಪಾರ ಈ ಅನುಮತಿಯೊಳಗೆ ಬರುವುದಿಲ್ಲ. ಡಬ್ಬಿ ಕೈಗೆ ಬಂದಾಗ ಮುಚ್ಚಳದ ಮುದ್ರೆ ಒಡೆದಿಲ್ಲವೆಂಬುದನ್ನು, ನೋಂದಣಿ ಸಂಖ್ಯೆ, ತಂಡದ ಸಂಖ್ಯೆ, ತಯಾರಾದ ಮತ್ತು ಅವಧಿ ಮುಗಿಯುವ ತಾರೀಕುಗಳನ್ನು ನೋಡಬೇಕು. ವಿಷದ ತೀವ್ರತೆಯನ್ನು ಸೂಚಿಸುವ ಬಣ್ಣದ ಗುರುತು ನಮ್ಮ ರೈತರಿಗೆ ಪರಿಚಿತವೇ: ಕೆಂಪು ಅತಿ ಘೋರ, ಹಳದಿ ಹೆಚ್ಚು, ನೀಲಿ ಮಧ್ಯಮ, ಹಸಿರು ಕಡಿಮೆ. ಡಬ್ಬಿಯೊಳಗಿನ ಮಡಿಚಿದ ಹಾಳೆ ಕನ್ನಡದಲ್ಲಿದೆಯೇ ಎಂಬುದನ್ನೂ ನೋಡಿ. ಬೇರೆ ರಾಜ್ಯದ ಮಾರುಕಟ್ಟೆಗೆಂದು ತಯಾರಾದ ಡಬ್ಬಿ ಪಾರ್ಸಲಿನಲ್ಲಿ ಬಂದಾಗ ಹಾಳೆ ನಮಗೆ ಓದಲು ಬಾರದ ಲಿಪಿಯಲ್ಲಿರುವುದುಂಟು. ಪ್ರಮಾಣವೂ, ಯಾವ ಬೆಳೆಗೆ ಎಂಬುದೂ, ಮೈಮೇಲೆ ಬಿದ್ದರೆ ಏನು ಮಾಡಬೇಕೆಂಬುದೂ ಆ ಹಾಳೆಯಲ್ಲಿಯೇ ಇರುವುದು.

"ಏನು ಹೊಡೆಯಲಿ, ಸಾರ್?"

ಸರಕಿನ ಬಗ್ಗೆ ಇಷ್ಟಾಯಿತು. ಸಲಹೆಯೂ ಈಗ ಮೊಬೈಲಿನಲ್ಲಿಯೇ ಬರುತ್ತಿದೆ, ಮತ್ತು ನನ್ನ ದೃಷ್ಟಿಯಲ್ಲಿ ಕೆಟ್ಟ ಸರಕಿಗಿಂತ ಕೆಟ್ಟ ಸಲಹೆಯಿಂದಲೇ ರೈತರ ಹಣ ಹೆಚ್ಚು ಪೋಲಾಗುತ್ತಿದೆ.

ಒಂದು ಎಲೆಯ ಚಿತ್ರ ಬರುತ್ತದೆ, ಕೆಳಗೆ "ಏನು ಹೊಡೆಯಲಿ, ಸಾರ್?" ಎಂಬ ಒಂದೇ ಸಾಲು. ಯಾವ ಊರು, ಯಾವ ತಳಿ, ಬಿತ್ತಿ ಎಷ್ಟು ದಿನ, ಮಣ್ಣು ಕೆಂಪೋ ಕಪ್ಪೋ, ಏನೂ ಇಲ್ಲ. ಹಿಂದೆ ಇಂತಹ ಪತ್ರಿಕೆಗಳ ಪ್ರಶ್ನೋತ್ತರ ವಿಭಾಗಕ್ಕೆ ರೈತರು ಅಂಚೆ ಕಾರ್ಡಿನಲ್ಲಿ ಬರೆಯುತ್ತಿದ್ದರು. ಚಿತ್ರ ಕಳುಹಿಸುವ ಅನುಕೂಲವಿರಲಿಲ್ಲವಾದ್ದರಿಂದ ಮಾತಿನಲ್ಲಿಯೇ ಹೇಳಬೇಕಾಗಿತ್ತು: ಗದ್ದೆ ತಗ್ಗಿನಲ್ಲಿದೆ, ನಾಟಿಯಾಗಿ ಮೂರು ವಾರ, ಕೆಳಗಿನ ಎಲೆಗಳಲ್ಲಿ ತುಕ್ಕಿನ ಬಣ್ಣದ ಚುಕ್ಕೆ, ಪಕ್ಕದ ದಿಬ್ಬದ ಗದ್ದೆಯಲ್ಲಿ ಏನೂ ಇಲ್ಲ. ಇಷ್ಟು ಬರೆದರೆ ಸತುವಿನ ಕೊರತೆಯಿರಬಹುದೆಂದು ಓದಿದವನಿಗೆ ಅರ್ಧ ತಿಳಿದುಹೋಗುತ್ತಿತ್ತು. ಅದೇ ಎಲೆಯ ಚಿತ್ರವನ್ನು ಮಾತ್ರ ನೋಡಿದರೆ ಅದು ಕಂದು ಚುಕ್ಕೆ ರೋಗದಂತೆಯೂ ಕಾಣಬಹುದು. ಒಂದಕ್ಕೆ ಬೇಕಾದದ್ದು ಸತುವಿನ ಸಲ್ಫೇಟು, ಇನ್ನೊಂದಕ್ಕೆ ಶಿಲೀಂಧ್ರನಾಶಕ.

ಎಲೆ ಹಳದಿಯಾಗುವುದನ್ನೇ ತೆಗೆದುಕೊಳ್ಳಿ. ಸಾರಜನಕ ಸಾಲದಿದ್ದರೆ ಹಳೆಯ ಎಲೆಗಳು ಮೊದಲು ಹಳದಿಯಾಗುತ್ತವೆ, ಏಕೆಂದರೆ ಗಿಡ ಅಲ್ಲಿನ ಸಾರಜನಕವನ್ನು ಕಿತ್ತು ಚಿಗುರಿಗೆ ಕೊಡುತ್ತದೆ. ಗಂಧಕ ಸಾಲದಿದ್ದರೆ ಎಳೆಯ ಎಲೆಗಳು ಮೊದಲು ಹಳದಿಯಾಗುತ್ತವೆ. ಕಬ್ಬಿಣ ಸಾಲದಿದ್ದರೂ ಎಳೆಯ ಎಲೆಗಳೇ, ಆದರೆ ನರಗಳು ಹಸಿರಾಗಿಯೇ ಉಳಿದು ನಡುವಿನ ಜಾಗ ಬಿಳಿಚಿಕೊಳ್ಳುತ್ತದೆ. ಸುಣ್ಣದಂಶ ಹೆಚ್ಚಿರುವ ಮಣ್ಣಿನ ನೆಲಗಡಲೆಯಲ್ಲಿ ಇದು ಸಾಮಾನ್ಯ. ನೀರು ನಿಂತು ಬೇರಿಗೆ ಗಾಳಿಯಾಡದಿದ್ದರೂ ಹಳದಿಯೇ. ಹೀಗಾಗಿ ಕೇಳಬೇಕಾದ ಮೊದಲ ಪ್ರಶ್ನೆ, ಹಳದಿಯಾದ ಎಲೆ ಗಿಡದ ಯಾವ ಭಾಗದ್ದು ಎಂಬುದು. ಕಿತ್ತು ಅಂಗೈಯಲ್ಲಿಟ್ಟ ಎಲೆಯ ಚಿತ್ರ ಅದೊಂದನ್ನೇ ಹೇಳುವುದಿಲ್ಲ. ಸಾಲದ್ದಕ್ಕೆ ಮೊಬೈಲಿನ ಕ್ಯಾಮರಾ ಬಣ್ಣವನ್ನು ತಾನೇ ತಿದ್ದಿಕೊಳ್ಳುತ್ತದೆ. ಇಳಿಬಿಸಿಲಿನಲ್ಲಿ ತೆಗೆದರೆ ಆರೋಗ್ಯವಾದ ಎಲೆಯೂ ಹಳದಿಯಾಗಿಯೇ ಕಾಣುತ್ತದೆ.

ಕಲಬುರಗಿ ಕಡೆಯ ತೊಗರಿಯಲ್ಲಿ ಇದು ಹೇಗೆ ನಡೆಯುತ್ತದೆಂಬುದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಹೂವಿನ ಕಾಲಕ್ಕೆ ಹೊಲದ ನಡುವೆ ಅಲ್ಲಲ್ಲಿ ಗಿಡಗಳು ಬಾಡಿ ಒಣಗುತ್ತವೆ. ರೈತ ಬದುವಿನ ಮೇಲೆ ನಿಂತು ಚಿತ್ರ ತೆಗೆದು ಗುಂಪಿಗೆ ಹಾಕುತ್ತಾನೆ. ತೇವ ಸಾಲದು, ನೀರು ಕೊಡಿ ಎಂದು ಒಬ್ಬರು. ಬೇರಿಗೆ ಇಂಥ ಔಷಧ ಸುರಿಯಿರಿ ಎಂದು ಇನ್ನೊಬ್ಬರು. ನಮ್ಮ ಕಂಪನಿಯ ಈ ದ್ರಾವಣ ಹೊಡೆದರೆ ಐದೇ ದಿನದಲ್ಲಿ ಚಿಗುರುತ್ತದೆ ಎಂದು ಮತ್ತೊಬ್ಬರು. ಇವರಲ್ಲಿ ಯಾರೂ ಕಾಂಡವನ್ನು ಸೀಳಿ ನೋಡಿ ಎನ್ನುವುದಿಲ್ಲ. ಬಾಡಿದ ಗಿಡವನ್ನು ಕಿತ್ತು, ಬುಡದ ತೊಗಟೆ ಸುಲಿದು, ಕಾಂಡವನ್ನು ಉದ್ದಕ್ಕೆ ಸೀಳಿದಾಗ ಒಳಗೆ ಕಂದುಗಪ್ಪು ಗೆರೆಗಳು ಕಂಡರೆ ಅದು ಸೊರಗು ರೋಗ. ಮಣ್ಣಿನಲ್ಲಿರುವ ಶಿಲೀಂಧ್ರ ಬೇರಿನ ಮೂಲಕ ಹೊಕ್ಕು ನೀರಿನ ನಾಳಗಳನ್ನು ಕಟ್ಟಿಬಿಟ್ಟಿರುತ್ತದೆ. ಆ ಹಂತದಲ್ಲಿ ಎಲೆಯ ಮೇಲೆ ಏನು ಸಿಂಪಡಿಸಿದರೂ ಆ ಗಿಡ ಉಳಿಯುವುದಿಲ್ಲ. ಮಾಡಬೇಕಾದದ್ದೆಲ್ಲ ಮುಂದಿನ ಹಂಗಾಮಿಗೆ: ರೋಗ ನಿರೋಧಕ ತಳಿ, ಬೀಜಕ್ಕೆ ಟ್ರೈಕೋಡರ್ಮಾ ಉಪಚಾರ, ಆ ಹೊಲದಲ್ಲಿ ಎರಡು ಮೂರು ವರ್ಷ ಜೋಳದಂತಹ ಬೆಳೆಯ ಸರದಿ. ಅಂದರೆ ಇಲ್ಲಿ ಸರಿಯಾದ ಸಲಹೆ ಎಂದರೆ "ಈಗ ಏನೂ ಹೊಡೆಯಬೇಡಿ" ಎಂಬುದು. ಎಕರೆಗೆ ಸಾವಿರಾರು ರೂಪಾಯಿ ಉಳಿಸುವ ಈ ಸಲಹೆಯನ್ನು ಮಾರಾಟಕ್ಕೆ ಕುಳಿತವನು ಎಂದಿಗೂ ಕೊಡುವುದಿಲ್ಲ, ಏಕೆಂದರೆ ಅದರಲ್ಲಿ ಮಾರಲು ಏನೂ ಇಲ್ಲ.

ಬೇಸಾಯದ ವಿಡಿಯೋಗಳಲ್ಲಿ ಒಳ್ಳೆಯವು ಬೇಕಾದಷ್ಟಿವೆ. ಅನುಭವಿ ರೈತರು ತಾವೇ ಮಾಡಿ ತೋರಿಸುವಂಥವನ್ನು ನಾನೂ ನೋಡುತ್ತೇನೆ. ಆದರೆ ಸಲಹೆಯ ಕೆಳಗೆಯೇ ಕೊಳ್ಳುವ ಕೊಂಡಿ ಇದ್ದರೆ ಅದನ್ನು ಜಾಹೀರಾತು ಎಂದೇ ಓದಬೇಕು. ಇಳುವರಿ ಎರಡರಷ್ಟಾಗುತ್ತದೆ, ಎಲ್ಲ ಬೆಳೆಗೂ ಒಂದೇ ಔಷಧ ಎಂದು ಮಾರುವ ಬೆಳವಣಿಗೆ ಪ್ರಚೋದಕಗಳ ವಿಷಯದಲ್ಲಂತೂ ಇದು ಅತ್ಯವಶ್ಯಕ. ಈ ಪ್ರಚೋದಕಗಳನ್ನು ಸರ್ಕಾರ 2021ರ ಫೆಬ್ರವರಿಯಲ್ಲಿ ರಸಗೊಬ್ಬರ ನಿಯಂತ್ರಣ ಆದೇಶದ ಅಡಿಗೆ ತಂದಿತು. ತಯಾರಕರಿಗೆ ಕೊಟ್ಟಿದ್ದ ತಾತ್ಕಾಲಿಕ ಅನುಮತಿ 2025ರ ಜೂನಿನಲ್ಲಿ ಮುಗಿಯಿತು. ಈಗ ಆದೇಶದ ಪಟ್ಟಿಗೆ ಸೇರಿದವುಗಳನ್ನು ಮಾತ್ರ ಮಾರಬಹುದು; ಉಳಿದವು ಎಷ್ಟೇ ಚಂದದ ಡಬ್ಬಿಯಲ್ಲಿದ್ದರೂ ಕಾನೂನಿನ ಹೊರಗಿನವು.

ಚಿತ್ರ ನೋಡಿದ ಎರಡು ನಿಮಿಷಕ್ಕೆ ಔಷಧದ ಹೆಸರು ಹೇಳುವ ವಿಜ್ಞಾನಿಯನ್ನು, ಅಧಿಕಾರಿಯನ್ನು ಕೂಡ ನಾನು ಮೆಚ್ಚಲಾರೆ. ಮರುಪ್ರಶ್ನೆ ಕೇಳುವವನೇ ರೈತನಿಗೆ ಬೇಕಾದವನು. ರೈತರೂ ಅಷ್ಟೇ, ಪ್ರಶ್ನೆ ಕಳುಹಿಸುವಾಗ ಸ್ವಲ್ಪ ಶ್ರಮ ತೆಗೆದುಕೊಳ್ಳಬೇಕು. ಬೆಳಿಗ್ಗೆ ಬಿಸಿಲೇರುವ ಮೊದಲು ಚಿತ್ರ ತೆಗೆಯಿರಿ. ಮೊದಲು ಇಡೀ ಹೊಲ ಕಾಣುವಂತೆ ಒಂದು, ರೋಗ ಬದುವಿನ ಅಂಚಿನಲ್ಲಿದೆಯೋ ತಗ್ಗಿನಲ್ಲಿದೆಯೋ ಅಲ್ಲಲ್ಲಿ ತೇಪೆಯಂತಿದೆಯೋ ಎಂಬುದು ಅದರಿಂದ ತಿಳಿಯುತ್ತದೆ. ನಂತರ ಬೇರು ಸಹಿತ ಕಿತ್ತ ಒಂದು ಇಡೀ ಗಿಡ, ಪಕ್ಕದಲ್ಲಿ ಆರೋಗ್ಯವಾದ ಇನ್ನೊಂದು ಗಿಡ. ಎಲೆಯ ಮೇಲ್ಭಾಗ ಮಾತ್ರವಲ್ಲದೆ ಕೆಳಭಾಗ. ಹುಳುವಾದರೆ ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯವಿಟ್ಟು ತೆಗೆದರೆ ಗಾತ್ರ ತಿಳಿಯುತ್ತದೆ. ಸೈನಿಕ ಹುಳುವೆಂಬ ಸಂದೇಹವಿದ್ದರೆ ತಲೆಯ ಮೇಲೆ ತಲೆಕೆಳಗಾದ ಇಂಗ್ಲಿಷ್ ವೈ ಅಕ್ಷರದಂತಹ ಗುರುತು, ಬಾಲದ ತುದಿಗೆ ಸಮೀಪ ಚೌಕಾಕಾರದಲ್ಲಿ ನಾಲ್ಕು ಚುಕ್ಕೆ ಕಾಣುವಂತಿರಲಿ. ನೂರು ಗಿಡಗಳಲ್ಲಿ ಎಷ್ಟಕ್ಕೆ ತಗುಲಿದೆ ಎಂದು ನಡೆದು ಎಣಿಸಿ ಬರೆಯಿರಿ. ತಳಿ, ಬಿತ್ತಿದ ತಾರೀಕು, ಈವರೆಗೆ ಕೊಟ್ಟ ಗೊಬ್ಬರ, ಹೊಡೆದ ಔಷಧ, ಹಿಂದಿನ ಬೆಳೆ, ಕೊನೆಯ ಮಳೆ ಇವನ್ನು ಬರೆದರೆ ಉತ್ತರದ ಬೆಲೆ ಹತ್ತು ಪಟ್ಟು ಹೆಚ್ಚುತ್ತದೆ. ಬರೆಯುವುದು ತ್ರಾಸವೆನಿಸಿದರೆ ಮಾತಿನಲ್ಲಿಯೇ ಮುದ್ರಿಸಿ ಕಳುಹಿಸಬಹುದು. ಇಷ್ಟೆಲ್ಲ ಮಾಡುವಷ್ಟರಲ್ಲಿ ಎಷ್ಟೋ ವೇಳೆ ರೈತನಿಗೆ ತಾನೇ ಕಾರಣ ಹೊಳೆದಿರುತ್ತದೆ.

ಮಾತನಾಡಿಯೇ ಕೇಳುವುದಾದರೆ 1800-180-1551 ಎಂಬ ಕಿಸಾನ್ ಕರೆ ಕೇಂದ್ರಕ್ಕೆ ಬೆಳಿಗ್ಗೆ 6ರಿಂದ ರಾತ್ರಿ 10ರವರೆಗೆ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲಿಯೇ ಉತ್ತರಿಸುತ್ತಾರೆ. 2004ರಿಂದ ನಡೆದು ಬಂದಿರುವ ಈ ಸೌಲಭ್ಯಕ್ಕೆ ಅಂತರ್ಜಾಲವೂ ಬೇಡ, ದುಬಾರಿ ಫೋನೂ ಬೇಡ. ಹವಾಮಾನ ಇಲಾಖೆಯ ಸಹಯೋಗದಲ್ಲಿ ಮಂಗಳವಾರ ಮತ್ತು ಶುಕ್ರವಾರ ಹೊರಬರುವ ಕೃಷಿ ಹವಾಮಾನ ಸಲಹೆ 'ಮೇಘದೂತ'ದಂತಹ ಆ್ಯಪ್‌ಗಳಲ್ಲಿ ಸಿಗುತ್ತದೆ. ಮೇಲುಗೊಬ್ಬರ ಹಾಕುವ ಮುನ್ನ, ಔಷಧ ಸಿಂಪಡಿಸುವ ಮುನ್ನ ಅದನ್ನು ನೋಡುವ ರೈತ ಒಂದು ಮಳೆಗೆ ಕೊಚ್ಚಿಹೋಗಬಹುದಾದ ಖರ್ಚನ್ನು ಉಳಿಸುತ್ತಾನೆ. ಮೊಬೈಲಿನಿಂದ ಬೇಸಾಯಕ್ಕೆ ಆಗಿರುವ ನಿಜವಾದ ಉಪಕಾರವೆಂದರೆ ಇದು ಮತ್ತು ಮಾರುಕಟ್ಟೆಯ ದರ ಮನೆಯಲ್ಲೇ ತಿಳಿಯುವುದು.

ಮೋಸವಾದರೆ

ಹಣ ವಂಚನೆಯ ಬಗ್ಗೆ ಎರಡೇ ಮಾತು. ಹಣ ಪಡೆಯಲು ಯು.ಪಿ.ಐ. ಗುಪ್ತ ಸಂಖ್ಯೆಯನ್ನು ಒತ್ತಬೇಕಾಗಿಲ್ಲ. ಅದು ಬೇಕಾಗುವುದು ನಮ್ಮ ಹಣ ಹೊರಗೆ ಹೋಗುವಾಗ ಮಾತ್ರ. ಪಿ.ಎಂ. ಕಿಸಾನ್ ಕಂತು ಬರಬೇಕಾದರೆ ಈ ಕಡತವನ್ನು ಒತ್ತಿ ಎಂದು ವಾಟ್ಸಾಪಿನಲ್ಲಿ ಬರುವ ಯಾವ ಕಡತವನ್ನೂ ಒತ್ತಬಾರದು. ಹಣ ಹೋಗಿದ್ದರೆ ನಾಚಿಕೆಪಡದೆ ಆ ಕೂಡಲೇ 1930ಕ್ಕೆ ಕರೆ ಮಾಡಬೇಕು. ಹಣ ಕೈಯಿಂದ ಕೈಗೆ ದಾಟಿಹೋಗುವ ಮೊದಲು ಬ್ಯಾಂಕಿನಲ್ಲಿ ತಡೆಯುವ ಅವಕಾಶ ಮೊದಲ ಗಂಟೆಗಳಲ್ಲಿಯೇ ಹೆಚ್ಚು.

ಸರಕಿನಲ್ಲಿ ಮೋಸವಾದರೆ ರೈತ ಗ್ರಾಹಕನೇ ಅಲ್ಲವೆಂದು ಹಿಂದೆ ಬೀಜ ಮಾರುವವರು ವಾದಿಸುತ್ತಿದ್ದರು. ರಾಷ್ಟ್ರೀಯ ಬೀಜ ನಿಗಮಕ್ಕೆ ಸಂಬಂಧಿಸಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2012ರಲ್ಲಿ ಆ ವಾದವನ್ನು ತಳ್ಳಿಹಾಕಿ, ಬೀಜ ಕೊಂಡ ರೈತ ಗ್ರಾಹಕ ಸಂರಕ್ಷಣಾ ಕಾನೂನಿನಡಿ ದೂರು ಕೊಡಬಹುದೆಂದು ತೀರ್ಪು ಕೊಟ್ಟಿತು. 2019ರ ಹೊಸ ಗ್ರಾಹಕ ಸಂರಕ್ಷಣಾ ಕಾಯಿದೆ 2020ರ ಜುಲೈಯಿಂದ ಜಾರಿಯಲ್ಲಿದೆ. ಅದರ ಪ್ರಕಾರ ಮಾರಿದವನು ದೇಶದ ಯಾವ ಮೂಲೆಯಲ್ಲಿದ್ದರೂ ರೈತ ತಾನು ವಾಸವಿರುವ ಜಿಲ್ಲೆಯ ಆಯೋಗದಲ್ಲಿಯೇ ದೂರು ಹೂಡಬಹುದು. ಕೊಟ್ಟ ಬೆಲೆ 5 ಲಕ್ಷ ರೂಪಾಯಿಯೊಳಗಿದ್ದರೆ ಶುಲ್ಕವೂ ಇಲ್ಲ. ಅಂತರ್ಜಾಲ ಮಳಿಗೆಗಳು ದೂರನ್ನು 48 ಗಂಟೆಗಳೊಳಗೆ ಸ್ವೀಕರಿಸಿದ್ದಾಗಿ ತಿಳಿಸಿ, ಒಂದು ತಿಂಗಳೊಳಗೆ ಪರಿಹರಿಸಬೇಕೆಂಬ ನಿಯಮವೂ 2020ರಲ್ಲಿ ಬಂದಿದೆ. ಮೊದಲ ವಿಚಾರಣೆಗೆ 1915 ಎಂಬ ಗ್ರಾಹಕ ಸಹಾಯವಾಣಿ ಇದೆ.

ಆದರೆ ಈ ಎಲ್ಲ ಕಾನೂನುಗಳೂ ಕೇಳುವುದು ಸಾಕ್ಷ್ಯವನ್ನು, ಮತ್ತು ನಮ್ಮ ರೈತರು ಸೋಲುವುದು ಇಲ್ಲಿಯೇ. ಪಾರ್ಸಲು ಬಂದಾಗ ಪೆಟ್ಟಿಗೆಯ ಮೇಲಿನ ವಿಳಾಸದ ಚೀಟಿ ಕಾಣುವಂತೆ ಹಿಡಿದು, ಬಿಚ್ಚುವುದನ್ನು ಮನೆಯವರೊಬ್ಬರು ವಿಡಿಯೋ ತೆಗೆದುಕೊಳ್ಳಲಿ. ಮೊಬೈಲಿಗೆ ಬಂದ ರಸೀದಿಯನ್ನು ಹತ್ತಿರದ ಅಂಗಡಿಯಲ್ಲಿ ಕಾಗದಕ್ಕೆ ಇಳಿಸಿಕೊಳ್ಳಿ. ಫೋನು ಬಾವಿಗೆ ಬಿದ್ದರೆ ರಸೀದಿಯೂ ಹೋಗುತ್ತದೆ. ಬೀಜ ಎಲ್ಲಿಂದ ಕೊಂಡಿದ್ದರೂ ಚೀಲವನ್ನು ಮೇಲಿನ ಹೊಲಿಗೆಯ ಕಡೆಯಿಂದ ಒಡೆಯದೆ ಕೆಳಗಿನಿಂದ ಒಡೆದು, ಚೀಟಿ ಹರಿಯದಂತೆ ನೋಡಿಕೊಳ್ಳಿ. ಪ್ರಮಾಣಿತ ಬೀಜದ ಚೀಟಿ ನೀಲಿ ಬಣ್ಣದ್ದು, ನಿಜ ಚೀಟಿಯ ಬೀಜದ್ದು ಹಸಿರು. ತಂಡದ ಸಂಖ್ಯೆ ಇರುವುದು ಅದರಲ್ಲಿಯೇ. ಒಂದು ಹಿಡಿ ಬೀಜವನ್ನು ಬಿತ್ತದೆ ಉಳಿಸಿ, ಅದೇ ಚೀಲದಲ್ಲಿ ಚೀಟಿಯೊಂದಿಗೆ ಕಟ್ಟಿ, ಇಲಿ ಮುಟ್ಟದ ಕಡೆ ತೂಗುಹಾಕಿ. ಮೊಳಕೆಯಲ್ಲಾಗಲಿ ತಳಿಯಲ್ಲಾಗಲಿ ಸಂದೇಹ ಬಂದರೆ ಬೆಳೆ ಹೊಲದಲ್ಲಿ ನಿಂತಿರುವಾಗಲೇ ರೈತ ಸಂಪರ್ಕ ಕೇಂದ್ರಕ್ಕೆ ಬರಹದಲ್ಲಿ ದೂರು ಕೊಟ್ಟು ಸ್ವೀಕೃತಿ ಪಡೆಯಬೇಕು. ಪರಿಶೀಲನೆಗೆ ಬರುವ ತಂಡಕ್ಕೆ ನೋಡಲು ಗಿಡಗಳಿರಬೇಕು. ಬೇಸತ್ತು ಉತ್ತುಬಿಟ್ಟ ಹೊಲದಲ್ಲಿ ಅಥವಾ ಕೊಯ್ದ ಕೂಳೆಯಲ್ಲಿ ತಳಿ ಯಾವುದೆಂದು ಹೇಳಲು ಯಾರಿಂದಲೂ ಆಗುವುದಿಲ್ಲ. ಉತ್ತು ಬೇರೆ ಬೆಳೆ ಹಾಕಲೇಬೇಕಾದ ಪರಿಸ್ಥಿತಿಯಿದ್ದರೆ ನಾಲ್ಕಾರು ಸಾಲುಗಳನ್ನಾದರೂ ಬಿಟ್ಟು ಉಳಬೇಕು.